ಗ್ಯಾಸ್ ಆಫ್ ಮಾಡಿದೆನಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಬೀಗ ಹಾಕಿ, ಚಪ್ಪಲಿ ಮೆಟ್ಟಿ, ಗೇಟಿನ ತನಕ ಬಂದಿರುತ್ತೀರಿ. ಆಗ ಶುರುವಾಗುತ್ತದೆ ನೋಡಿ. ಗ್ಯಾಸ್ ಆಫ್ ಮಾಡಿದೆನಾ? ಆಟೊದವನು ಹಾರ್ನ್ ಹೊಡೆಯುತ್ತಿದ್ದಾನೆ. ಬಸ್ಸಿಗೆ ಹೊತ್ತಾಗುತ್ತಿದೆ. ಆದರೂ ವಾಪಸ್ ಹೋಗಿ, ಬೀಗ ತೆಗೆದು, ರೆಗ್ಯುಲೇಟರ್ ಮುಟ್ಟಿ ನೋಡುತ್ತೀರಿ. ಆಫ್ ಆಗಿಯೇ ಇದೆ. ಮತ್ತೆ ಬೀಗ. ಮತ್ತೆ ಗೇಟು. ಬೀಗ ಸರಿಯಾಗಿ ಬಿತ್ತಾ?

ಈಗ ಅಮೆರಿಕದಲ್ಲಿ ಕೊಲೆಯಾದ ಒಂದು ಮನೆಗೆ ಬನ್ನಿ. ಪೊಲೀಸರು ತುಂಬಿಕೊಂಡಿದ್ದಾರೆ. ನಡುವೆ ಒಬ್ಬ ಮನುಷ್ಯ. ಕೋಟು, ಕತ್ತಿನವರೆಗೂ ಹಾಕಿದ ಗುಂಡಿ. ಎರಡೂ ಕೈ ಮುಂದೆ ಚಾಚಿ, ಕ್ಯಾಮೆರಾಗೆ ಚೌಕಟ್ಟು ಹಿಡಿದವನ ಹಾಗೆ ಕೋಣೆಯನ್ನು ಅಳೆಯುತ್ತಿದ್ದಾನೆ. ಬೇರೆಯವರಿಗೆ ಕಾಣದ್ದು ಅವನಿಗೆ ಕಾಣುತ್ತಿದೆ. ನಡುನಡುವೆ ಜೊತೆಗೆ ಬಂದ ನರ್ಸಮ್ಮನ ಕಡೆ ತಿರುಗಿ ಒಂದೇ ಚಿಂತೆ ತೋಡಿಕೊಳ್ಳುತ್ತಾನೆ: ಮನೆಯಲ್ಲಿ ಸ್ಟೋವ್ ಆರಿಸಿ ಬಂದೆನೋ ಇಲ್ಲವೋ!

ಇವನ ಹೆಸರು ಏಡ್ರಿಯನ್ ಮಾಂಕ್. ಧಾರಾವಾಹಿಯ ಹೆಸರೂ ‘ಮಾಂಕ್’. 2002ರ ಜುಲೈ 12ರಂದು ಅಮೆರಿಕದ ಯುಎಸ್‌ಎ ನೆಟ್‌ವರ್ಕ್ ಎಂಬ ಕೇಬಲ್ ಚಾನೆಲ್‌ನಲ್ಲಿ ಶುರುವಾಯಿತು. ಎಂಟು ಸೀಸನ್, 125 ಕಂತು. 2009ರ ಡಿಸೆಂಬರ್ 4ಕ್ಕೆ ಮುಗಿಯಿತು. ನಾನು ಎಲ್ಲವನ್ನೂ ನೋಡಿದ್ದೇನೆ. ಕೆಲವನ್ನು ಎರಡೆರಡು ಸಲ. ಅರ್ಧಕ್ಕರ್ಧ ನೋಡಿದ್ದು ಸಾಗರದ ನಮ್ಮ ಸೋದರತ್ತೆಯ ಮನೆಯಲ್ಲಿ, ಮಳೆಗಾಲದಲ್ಲಿ, ಕರೆಂಟು ಇದ್ದಷ್ಟು ಹೊತ್ತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಬೇಕಿತ್ತು. ಮೊದಲ ದಿನವೇ ಅವರು ಇವನಿಗೆ ನಾಮಕರಣ ಮಾಡಿಬಿಟ್ಟರು. ಮಂಕಣ್ಣ. “ಹೆಸರು ಮಂಕು, ಆಳು ಚುರುಕು” ಅಂದರು. ನನಗೂ ಈಗ ಅವನು ಮಂಕಣ್ಣನೇ.

ಮಂಕಣ್ಣ ಮೊದಲು ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸಿನಲ್ಲಿ ಪತ್ತೇದಾರ. ಚಿಕ್ಕಂದಿನಿಂದಲೂ ಸ್ವಲ್ಪ ವಿಚಿತ್ರ ಮನುಷ್ಯನೇ. ಹೆಂಡತಿ ಟ್ರೂಡಿ, ಪತ್ರಕರ್ತೆ. ಅವಳಿದ್ದಾಗ ಹೇಗೋ ಸಂಭಾಳಿಸಿಕೊಂಡಿದ್ದ. 1997ರಲ್ಲಿ ಒಂದು ದಿನ ಪಾರ್ಕಿಂಗ್ ಕಟ್ಟಡದಲ್ಲಿ ಅವಳ ಕಾರಿನಡಿ ಬಾಂಬ್ ಸಿಡಿಯಿತು. ಅಲ್ಲಿಗೆ ಇವನ ಬದುಕಿನ ದಾರ ಕಡಿಯಿತು. ವರ್ಷಗಟ್ಟಲೆ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಇಲಾಖೆ ಕೆಲಸದಿಂದ ತೆಗೆಯಿತು. ಆಮೇಲೆ ಶರೋನಾ ಅನ್ನುವ ನರ್ಸ್ ಬಂದು ಅವನನ್ನು ಒಂದೊಂದೇ ಹೆಜ್ಜೆ ಹೊರಗೆ ಕರೆತಂದಳು. ಈಗ ಪೊಲೀಸರು ಕೈಚೆಲ್ಲಿದ ಕೇಸುಗಳಿಗೆ ಇವನನ್ನು ಕರೆಸುತ್ತಾರೆ. ಅವನಿಗಿರುವ ಆಸೆ ಒಂದೇ, ಬ್ಯಾಡ್ಜ್ ವಾಪಸ್ ಸಿಗಬೇಕು. ಬಗೆಹರಿಯದ ಕೇಸೂ ಒಂದೇ, ಟ್ರೂಡಿಯದು.

ಅವನ ಹೆದರಿಕೆಗಳನ್ನು ಎಣಿಸುತ್ತಾ ಕೂತರೆ ಈ ಭಾಷಣ ಮುಗಿಯುವುದಿಲ್ಲ. ಎತ್ತರ, ಜನಜಂಗುಳಿ, ಹಾವು, ಲಿಫ್ಟ್, ಹಲ್ಲಿನ ಡಾಕ್ಟರು. ಹಾಲು ಕಂಡರೂ ಭಯ. ಇದು ಅತ್ತೆಗೆ ಅರ್ಥವೇ ಆಗಲಿಲ್ಲ. “ಹಾಲಿಗೆ ಹೆದರ್ತಾನಾ? ಹಾಲಿಗೆ ಯಾರಾದ್ರೂ ಹೆದರ್ತಾರಾ ಮಾರಾಯ?” ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಕೀಟಾಣುಗಳದ್ದು. ಯಾರಾದರೂ ಕೈಕುಲುಕಿದರೆ ಸಾಕು, ಕೈ ಹಿಂದಕ್ಕೆ ಚಾಚುತ್ತಾನೆ. ಸಹಾಯಕಿ ಚೀಲದಿಂದ ಒದ್ದೆ ಟಿಶ್ಯೂ ತೆಗೆದು ಆ ಕೈಗಿಡುತ್ತಾಳೆ. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನಿಗೆ ಕತ್ತರಿ ಕೊಡುತ್ತಾರಲ್ಲ, ಹಾಗೆ. ಎದುರಿಗಿರುವವರಿಗೆ ಅವಮಾನ. ನಮಗೆ ನಗು.

ನಮ್ಮ ಕಡೆಯವರಿಗೆ ಇದನ್ನು ನೋಡಿದ ತಕ್ಷಣ ನೆನಪಾಗುವುದು ಮಡಿ. ನನಗೂ ಹಾಗೇ ಆಯಿತು. “ಅತ್ತೆ, ಥೇಟ್ ನಿಮ್ಮ ಅಮ್ಮನ ಥರ” ಅಂದೆ. ನಮ್ಮಜ್ಜಿಯ ಮಡಿ ಊರಿಗೇ ಗೊತ್ತಿತ್ತು. ಒಣಹಾಕಿದ ಸೀರೆಯನ್ನು ಕೋಲಿನಿಂದಲೇ ಎಳೆದುಕೊಳ್ಳುತ್ತಿದ್ದರು. ಅತ್ತೆ ಒಪ್ಪಲಿಲ್ಲ. ಅಮ್ಮನ ಮಡಿಗೆ ಹೊತ್ತು ಅಂತ ಇತ್ತು, ಊಟ ಆದ ಮೇಲೆ ಮುಗೀತಿತ್ತು, ಇವನದು ಮುಗಿಯೋದೇ ಇಲ್ವಲ್ಲ ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ. ಮಡಿಗೆ ನಿಯಮ ಇದೆ, ನೀರು ಹೊಯ್ದುಕೊಂಡರೆ ಆಯಿತು. ಗೀಳಿಗೆ ಆ ‘ಆಯಿತು’ ಎಂಬುದೇ ಇಲ್ಲ. ನೂರು ಸಲ ತೊಳೆದರೂ ನೂರಾ ಒಂದನೆಯದು ಬಾಕಿ. ಡಾಕ್ಟರುಗಳು ಇದನ್ನು ಒಸಿಡಿ ಅನ್ನುತ್ತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಒಂದು ಕ್ಲಿನಿಕ್ ಇದೆ.

ಒಂದು ಕಂತು ಹೇಳುತ್ತೇನೆ ಕೇಳಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಸ ಎತ್ತುವವರು ಮುಷ್ಕರ ಹೂಡಿದ್ದಾರೆ. ಬೀದಿ ತುಂಬ ಕಪ್ಪು ಚೀಲಗಳ ಗುಡ್ಡೆ. ಕಾರ್ಮಿಕ ಸಂಘದ ನಾಯಕ ಸತ್ತುಬಿದ್ದಿದ್ದಾನೆ. ಕೇಸು ಮುಗಿಯುವ ತನಕ ಮುಷ್ಕರ ಮುಗಿಯುವುದಿಲ್ಲ, ಕಸ ಹೋಗುವ ತನಕ ಮಂಕಣ್ಣನ ತಲೆ ಓಡುವುದಿಲ್ಲ. ಕೊನೆಗೆ ತಲೆಕೆಟ್ಟು, ಕೊಲೆ ಮಾಡಿದ್ದು ರಾಕ್ ಹಾಡುಗಾರ ಆಲಿಸ್ ಕೂಪರ್ ಅಂದುಬಿಡುತ್ತಾನೆ! ಪೊಲೀಸರು ಏನು ಮಾಡಿದರು ಗೊತ್ತಾ? ಕಂಪ್ಯೂಟರ್ ಚಿಪ್ ತಯಾರಿಸುವ ಕಡೆ ಒಂದು ಕೋಣೆ ಇರುತ್ತದಲ್ಲ, ಒಂದು ಕಣ ಧೂಳೂ ಇಲ್ಲದ್ದು, ಅಲ್ಲಿಗೆ ಕರೆದುಕೊಂಡು ಹೋದರು. ಬಿಳೀ ಗೋಡೆ, ಬಿಳೀ ನೆಲ. ಅವನ ಮುಖ ಅರಳಿದ್ದು ನೋಡಬೇಕು. ತವರಿಗೆ ಬಂದ ಹೆಣ್ಣುಮಗಳ ಹಾಗೆ. ಅಲ್ಲಿ ನಿಂತು ಕೇಸು ಬಿಡಿಸಿದ.

ಮಂಕಣ್ಣನಾಗಿ ನಟಿಸಿದವರು ಟೋನಿ ಶಾಲೂಬ್. ಲೆಬನಾನ್ ಮೂಲದ ಮನೆತನ, ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನಲ್ಲಿ. ಈ ಪಾತ್ರಕ್ಕೆ 2003, 2005, 2006ರಲ್ಲಿ ಅಮೆರಿಕದ ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ ಮೂರು ಸಲ ಬಂತು. ಮೂರೂ ಹಾಸ್ಯ ವಿಭಾಗದಲ್ಲಿ. ತಮಾಷೆ ಅಂದರೆ ಶಾಲೂಬ್ ನಮ್ಮನ್ನು ನಗಿಸಲು ಹೋಗುವುದೇ ಇಲ್ಲ. ಆ ಮನುಷ್ಯ ನಿಜವಾಗಿ ಒದ್ದಾಡುತ್ತಿರುತ್ತಾನೆ. ಮೇಜಿನ ಮೇಲಿನ ಪೆನ್ಸಿಲ್ ವಾರೆಯಾಗಿದೆ, ಎದುರಿಗೆ ಕಣ್ಣೀರು ಹಾಕುತ್ತಿರುವ ವಿಧವೆ ಇದ್ದಾಳೆ. ಅವಳಿಗೆ ಸಮಾಧಾನ ಹೇಳಬೇಕು ಅಂತ ಮನಸ್ಸಿದೆ, ಕೈ ಮಾತ್ರ ಪೆನ್ಸಿಲಿನ ಕಡೆ ಹೋಗುತ್ತಿದೆ. ಆ ಕೈಯನ್ನು ತಡೆಯಲು ಅವನು ಪಡುವ ಪಾಡಿಗೇ ನಗು ಬರುವುದು. ನಕ್ಕ ಮೇಲೆ ಪಾಪ ಅನ್ನಿಸುವುದೂ ಅದಕ್ಕೇ.

ಇದನ್ನು ಬರೆದು ರೂಪಿಸಿದವರು ಆಂಡಿ ಬ್ರೆಕ್‌ಮನ್. ಮೂಲ ಯೋಚನೆಗೆ ನಿರ್ಮಾಪಕ ಡೇವಿಡ್ ಹೋಬರ್‌ಮನ್ ಅವರ ಸ್ವಂತ ಅನುಭವವೇ ಕಾರಣ. ಅವರಿಗೂ ಹಿಂದೆ ಇಂಥ ಗೀಳು ಕಾಡಿತ್ತಂತೆ. ಮಂಕಣ್ಣ ಬೀದಿಯಲ್ಲಿ ನಡೆಯುವಾಗ ಸಾಲಿನ ಕಂಬಗಳನ್ನೆಲ್ಲ ಮುಟ್ಟುತ್ತಾ ಹೋಗುತ್ತಾನಲ್ಲ, ಅಂಥದ್ದು ಅನುಭವಿಸಿದವರಿಂದಲೇ ಬರಬೇಕು.

ಜೊತೆಗಿರುವವರ ಮನೆ ಕತೆಯೂ ಸರಿಯಾಗಿ ನೇಯ್ದಿದೆ. ಕ್ಯಾಪ್ಟನ್ ಸ್ಟಾಟಲ್‌ಮೆಯರ್ ಅಂತ ಒಬ್ಬರು, ಮಂಕಣ್ಣನ ಹಳೆಯ ಗೆಳೆಯ, ದಪ್ಪ ಮೀಸೆ, ಮುಂಗೋಪಿ. ಅವರ ಮದುವೆ ಮುರಿಯುತ್ತದೆ. ಆಮೇಲೆ ಒಬ್ಬಳ ಜೊತೆ ಸ್ನೇಹ ಬೆಳೆಯುತ್ತದೆ, ಮನುಷ್ಯ ಮತ್ತೆ ನಗಲು ಶುರುಮಾಡುತ್ತಾರೆ. ಅಷ್ಟರಲ್ಲಿ ಒಂದು ಕೊಲೆಯ ಜಾಡು ಹಿಡಿದು ಹೋದ ಮಂಕಣ್ಣ ಬಂದು ನಿಲ್ಲುವುದು ಅವಳ ಬಾಗಿಲಲ್ಲೇ. ಗೆಳೆಯನಿಗೆ ಹೇಗೆ ಹೇಳುವುದು? ಶರೋನಾ ನಡುವೆ ಬಿಟ್ಟುಹೋದ ಮೇಲೆ ಬರುವ ನಟಾಲಿಯೂ ಗಂಡನನ್ನು ಕಳೆದುಕೊಂಡವಳು, ಒಬ್ಬಳು ಮಗಳನ್ನು ಸಾಕುತ್ತಿರುವವಳು. ನನಗೆ ಶರೋನಾಳೇ ಇಷ್ಟ, ಅವಳ ಬಾಯಿ ಜೋರು. ಅತ್ತೆ ನಟಾಲಿಯ ಪಕ್ಷ. ಇದರ ಮೇಲೆ ನಮ್ಮಿಬ್ಬರಿಗೆ ಇನ್ನೂ ರಾಜಿ ಆಗಿಲ್ಲ.

ಮನೋವೈದ್ಯ ಡಾಕ್ಟರ್ ಕ್ರೋಗರ್ ಪಾತ್ರ ಮಾಡುತ್ತಿದ್ದ ಸ್ಟಾನ್ಲಿ ಕಮೆಲ್ 2008ರ ಏಪ್ರಿಲ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಮ್ಮ ಧಾರಾವಾಹಿಗಳಲ್ಲಾದರೆ ಮರುದಿನ ಬೇರೆ ಮುಖ ಬರುತ್ತದೆ, ‘ಇನ್ನು ಮುಂದೆ ಈ ಪಾತ್ರದಲ್ಲಿ’ ಅಂತ ಪಟ್ಟಿ ಬರುತ್ತದೆ. ಅವರು ಹಾಗೆ ಮಾಡಲಿಲ್ಲ. ಕತೆಯಲ್ಲೂ ಡಾಕ್ಟರು ಸತ್ತರು. ಮಂಕಣ್ಣ ಇನ್ನೊಂದು ಸಾವನ್ನು ಅರಗಿಸಿಕೊಂಡು, ಹೊಸ ಡಾಕ್ಟರ ಎದುರು ಮೊದಲಿನಿಂದ ಕೂರಬೇಕಾಯಿತು.

ನನಗೆ ತಕರಾರು ಇರುವ ಕಂತೂ ಒಂದಿದೆ. ಮೂರನೇ ಸೀಸನ್ನಿನದು. ಮಂಕಣ್ಣ ಮಾತ್ರೆ ತೆಗೆದುಕೊಳ್ಳಲು ಒಪ್ಪುತ್ತಾನೆ. ಹೆದರಿಕೆಯೆಲ್ಲ ಮಾಯ. ನಗುತ್ತಾನೆ, ಹರಟುತ್ತಾನೆ, ತನ್ನನ್ನು ‘ದಿ ಮಾಂಕ್’ ಅಂತ ಕರೆದುಕೊಂಡು ಮೆರೆಯುತ್ತಾನೆ. ಆದರೆ ಸುಳಿವು ಒಂದೂ ಕಾಣಿಸುವುದಿಲ್ಲ. ಟ್ರೂಡಿಯೂ ಮನಸ್ಸಿನಿಂದ ದೂರ ಸರಿಯುತ್ತಾಳೆ. ಆಗ ಮಾತ್ರೆ ಬಿಡುತ್ತಾನೆ. ಕತೆಯಾಗಿ ಇದು ಅದ್ಭುತ. ಆದರೆ ಮಾತ್ರೆ ತಗೊಂಡರೆ ಬುದ್ಧಿ ಮಂಕಾಗುತ್ತದೆ ಅನ್ನುವ ಮಾತು ನಮ್ಮಲ್ಲಿ ಮೊದಲೇ ಓಡಾಡುತ್ತಿದೆ, ಅಲ್ವಾ? ಗೀಳು ಕಾಯಿಲೆಗೆ ಒಳ್ಳೆಯ ಔಷಧಿಗಳಿವೆ. ಹೆದರುವ ವಸ್ತುವನ್ನು ಮುಟ್ಟಿಸಿ, ಕೈ ತೊಳೆಯದೆ ಸ್ವಲ್ಪ ಹೊತ್ತು ಕೂರುವುದನ್ನು ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಇದೆ. ಮಂಕಣ್ಣನ ಕಾಯಿಲೆ ವಾಸಿಯಾದರೆ ಧಾರಾವಾಹಿ ನಿಂತುಹೋಗುತ್ತದೆ. ಕೇಳುತ್ತಿರುವವರಿಗೆ ಆ ತೊಂದರೆ ಇಲ್ಲ.

ಆದರೂ ಆ ಕಂತನ್ನು ನಾನು ತಳ್ಳಿಹಾಕಲಾರೆ. ಪತ್ತೇದಾರಿ ಕತೆಗಳಲ್ಲಿ ಸಾಮಾನ್ಯವಾಗಿ ಕೆಲಸ ಒಂದು ಕಡೆ, ಮನೆ ಒಂದು ಕಡೆ. ಇಲ್ಲಿ ಹಾಗಿಲ್ಲ. ಪೆನ್ಸಿಲ್ ವಾರೆಯಾಗಿದೆ ಎಂದು ಒದ್ದಾಡುವ ಕಣ್ಣೂ, ಸೋಫಾ ಎರಡಿಂಚು ಸರಿದಿದೆ ಎಂದು ಕೊಲೆಗಾರನನ್ನು ಹಿಡಿಯುವ ಕಣ್ಣೂ ಒಂದೇ. ಆ ಕಣ್ಣು ಹಗಲೂ ರಾತ್ರಿ ತೆರೆದಿರುವುದು ಟ್ರೂಡಿಗಾಗಿ. ಅವಳ ದಿಂಬನ್ನು ಅವನು ಹಾಗೇ ಕಾಪಾಡಿ ಇಟ್ಟುಕೊಂಡಿದ್ದಾನೆ, ಅವಳ ವಾಸನೆ ಹೋಗದ ಹಾಗೆ. ಜಗತ್ತನ್ನೆಲ್ಲ ಒರೆಸಿ ತೊಳೆಯುವವನು ಆ ಒಂದನ್ನು ಮಾತ್ರ ತೊಳೆದಿಲ್ಲ.

ಇದನ್ನು ಹೇಳಿದಾಗ ಅತ್ತೆ ಸುಮ್ನೆ ಕೂತಿದ್ದರು. ಅವರ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಕಟ್ಟು ಇದೆ. ಮಾವನ ಅಂಗಿಗಳು. ಮಾವ ಹೋದ ವಾರ ಇಸ್ತ್ರಿಯವನು ತಂದುಕೊಟ್ಟದ್ದು. ಪೇಪರು ಹಳದಿಯಾಗಿದೆ, ದಾರ ಹಾಗೇ ಇದೆ.

ಇನ್ನು ಮುಂದೆ ಕೊನೆಯ ಕಂತಿನ ಗುಟ್ಟು ಹೇಳುತ್ತೇನೆ. ನೋಡಬೇಕೆಂದಿರುವವರು ರೇಡಿಯೊ ಸದ್ದು ಕಡಿಮೆ ಮಾಡಿಕೊಳ್ಳಿ.

ಬ್ಯಾಡ್ಜ್ ಮಂಕಣ್ಣನಿಗೆ ವಾಪಸ್ ಸಿಗುತ್ತದೆ, ಕೊನೆಯ ಸೀಸನ್ನಿನಲ್ಲಿ. ಇಷ್ಟು ವರ್ಷ ಕನಸು ಕಂಡದ್ದು ಕೈಗೆ ಬಂದ ಮೇಲೆ, ಇದು ನನಗೆ ಒಗ್ಗುವುದಿಲ್ಲ ಎಂದು ತಾನೇ ಹಿಂದಿರುಗಿಸುತ್ತಾನೆ. ಬಾಂಬ್ ಮಾಡಿಸಿಕೊಂಡು ಹೋದದ್ದು ಒಂದು ಕೈಗೆ ಆರು ಬೆರಳಿರುವವನು ಎಂಬ ಸುಳಿವು ಮೊದಲೇ ಸಿಕ್ಕಿತ್ತು. ಅವನ ಹಿಂದೆ ನಿಂತು ಕೊಲೆ ಮಾಡಿಸಿದವರು ಯಾರು ಎಂಬುದಕ್ಕೆ ಉತ್ತರ ಇದ್ದದ್ದು ಮಂಕಣ್ಣನ ಮನೆಯಲ್ಲೇ. ಸಾಯುವ ಮುಂಚೆ ಟ್ರೂಡಿ ಕ್ರಿಸ್‌ಮಸ್‌ಗೆಂದು ಅವನಿಗೆ ಒಂದು ಉಡುಗೊರೆ ಕಟ್ಟಿಟ್ಟಿದ್ದಳು. ಅದು ಅವಳು ಕೊಟ್ಟ ಕೊನೆಯ ಉಡುಗೊರೆ. ಬಿಚ್ಚಿದರೆ ಮುಗಿದುಹೋಗುತ್ತದಲ್ಲ ಎಂದು ಅವನು ಬಿಚ್ಚಿರಲೇ ಇಲ್ಲ. ಹನ್ನೆರಡು ವರ್ಷ. ಯಾರೋ ವಿಷ ಹಾಕಿ, ತಾನು ಸಾಯುವುದು ಖಂಡಿತ ಎಂದಾದ ಮೇಲೆ ಬಿಚ್ಚುತ್ತಾನೆ. ಒಳಗೆ ಒಂದು ವಿಡಿಯೊ ಟೇಪು. ಟ್ರೂಡಿ ಮಾತಾಡುತ್ತಾಳೆ. ಇವನನ್ನು ಕಾಣುವ ಮೊದಲು ತನ್ನ ಪ್ರೊಫೆಸರೊಬ್ಬರ ಜೊತೆ ಸಂಬಂಧ ಇತ್ತು, ಮಗು ಹುಟ್ಟಿತ್ತು, ಹುಟ್ಟಿದ ಕೂಡಲೇ ಸತ್ತಿತು ಎಂದಿದ್ದರು, ಈಗ ಆ ಹಳೆಯ ವಿಷಯಕ್ಕೇ ಅವರನ್ನು ಕಾಣಲು ಹೋಗಬೇಕಾಗಿದೆ, ಯಾಕೋ ಭಯವಾಗುತ್ತಿದೆ ಎಂದು. ಆ ಪ್ರೊಫೆಸರ್ ಈಗ ದೊಡ್ಡ ನ್ಯಾಯಾಧೀಶ. ಕೊಲೆ ಮಾಡಿಸಿದ್ದು ಅವನೇ. ಮಗು ಸತ್ತಿರಲಿಲ್ಲ. ಮೋಲಿ ಎಂಬ ಹೆಸರಿನಲ್ಲಿ ಬೇರೆ ಮನೆಯಲ್ಲಿ ಬೆಳೆದಿತ್ತು. ಮಂಕಣ್ಣ ಬದುಕಿಕೊಳ್ಳುತ್ತಾನೆ. ಟ್ರೂಡಿಯ ಮಗಳ ಎದುರು ಹೋಗಿ ನಿಲ್ಲುತ್ತಾನೆ.

ಅಮೆರಿಕದಲ್ಲಿ ಆ ರಾತ್ರಿ 94 ಲಕ್ಷ ಜನ ಇದನ್ನು ನೋಡಿದರು. ಕೇಬಲ್ ಧಾರಾವಾಹಿಯ ಒಂದು ಕಂತಿಗೆ ಅದು ಬಹಳ ದೊಡ್ಡ ಸಂಖ್ಯೆ. 2023ರ ಡಿಸೆಂಬರ್‌ನಲ್ಲಿ ಅವನದೇ ಕತೆ ಒಂದು ಸಿನಿಮಾ ಆಗಿಯೂ ಬಂತು. ಅದರ ಮಾತು ಇನ್ನೊಮ್ಮೆ ಆಡೋಣ.

ಸಾಗರದಲ್ಲಿ ನಾವಿಬ್ಬರು ಆ ಕಂತು ನೋಡಿದ್ದು ಆಮೇಲೆ, ಒಂದು ಮಳೆಗಾಲದ ರಾತ್ರಿ. ಹೊರಗೆ ಜಡಿಮಳೆ. ಅತ್ತೆಗೆ ಎಲ್ಲ ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಅಂದರು:

“ಹನ್ನೆರಡು ವರ್ಷ ಬಿಚ್ಚದೆ ಇಟ್ಕೊಂಡಿದ್ನಾ? ಮಂಕೇ ಸರಿ. ನಾನಾಗಿದ್ರೆ ಅವತ್ತೇ ಬಿಚ್ತಿದ್ದೆ.”

ನಾನು ಬೀರುವಿನ ಕಡೆ ನೋಡಲಿಲ್ಲ. ಅತ್ತೆ ಎದ್ದು, ಗ್ಯಾಸ್ ಆಫ್ ಆಗಿದೆಯಾ ನೋಡಲು ಅಡುಗೆಮನೆಗೆ ಹೋದರು.

ನಮಸ್ಕಾರ.