ಬಳ್ಳಾರಿ ಜಾಲಿಗೆ ಒಲೆಯೊಂದೇ ಗತಿಯೇ?

ನಮಸ್ಕಾರ. ಮರದ ಸಾಮಾನು ಮಾಡಿ ಮಾರುವವರಿಗೆಲ್ಲ ಬಾಯಿಪಾಠವಾಗಿರುವ ಒಂದು ಪ್ರಶ್ನೆಯಿದೆ: ‘ಇದು ಸಾಗವಾನಿಯೇ?’ ಚಮಚ ಕೊಟ್ಟರೂ ಇದೇ ಪ್ರಶ್ನೆ, ಲಟ್ಟಣಿಗೆ ಕೊಟ್ಟರೂ ಇದೇ. ಅಲ್ಲ ಎಂದ ಕೂಡಲೇ ಗಿರಾಕಿಯ ಮುಖ ಸಪ್ಪಗಾಗುತ್ತದೆ, ಚೌಕಾಸಿ ಶುರುವಾಗುತ್ತದೆ. ಸಾಗವಾನಿಯ ಮೇಲೆ ನನಗೇನೂ ಹಗೆಯಿಲ್ಲ. ಬಾಗಿಲಿಗೆ, ಕಿಟಕಿಯ ಚೌಕಟ್ಟಿಗೆ ಅದು ಅರಸನೇ ಸರಿ. ಆದರೆ ಮಗುವಿನ ಬುಗುರಿಗೂ ಅದೇ ಬೇಕೆಂದು ಹಟ ಹಿಡಿಯುವವರನ್ನು ಕಂಡರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಈ ಮಾತನ್ನು ಕೊಪ್ಪಳ ಸೀಮೆಯಲ್ಲಿ ನಿಂತು ಹೇಳಬೇಕಾಗಿ ಬಂದದ್ದೇ ವಿಚಿತ್ರ. ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ತಲೆತಲಾಂತರದಿಂದ ಗರುಡ, ಕಾಮಧೇನು, ಗೌರಿಯನ್ನು ಕೆತ್ತುತ್ತ ಬಂದಿರುವುದು ಪೊಳಕಿ ಮರದಲ್ಲಿ. ಎತ್ತಿದರೆ ಕೈಯಲ್ಲಿ ಏನೂ ಇಲ್ಲವೆನ್ನುವಷ್ಟು ಹಗುರ. ತೊಲೆಗೆ ಬಾರದು, ಕುರ್ಚಿಗೆ ಬಾರದು. ಆದರೆ ಉಳಿ ತಾಗಿಸಿದರೆ ಸಾಕು, ಸಲೀಸಾಗಿ ಕೆತ್ತಿಸಿಕೊಳ್ಳುತ್ತದೆ. ಮೂರ್ತಿಯ ಭಾಗಗಳನ್ನು ಬೇರೆ ಬೇರೆ ಕೆತ್ತಿ ಜೋಡಿಸಿ, ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ‘ಕಿಟ್ಟ’ವನ್ನು ಮೆತ್ತುತ್ತಾರೆ. ಒಡವೆಗಳ ಉಬ್ಬು ಕೆಲಸಕ್ಕೆ ಕಲ್ಲಿನ ಪುಡಿ ಮತ್ತು ಅಂಟಿನ ಲೇಪ, ಆಮೇಲೆ ಬಣ್ಣ. ಅಷ್ಟೆಲ್ಲ ಮೆತ್ತಿ ಬಣ್ಣ ಬಳಿದ ಮೇಲೆ ಒಳಗಿನ ಮರದ ಎಳೆ ಯಾರಿಗೆ ಕಾಣಬೇಕು? ಬೇಕಾದದ್ದು ಹಗುರತನ ಮತ್ತು ಉಳಿಗೆ ಒಗ್ಗುವ ಗುಣ. ಅತ್ತ ಚನ್ನಪಟ್ಟಣದವರು ಆಲೆ ಮರವನ್ನು ಹಿಡಿದರು. ಅದರ ಬೆಳ್ಳನೆಯ ನಯವಾದ ಮೈ ತಿರುಗಣಿಯಲ್ಲಿ ಅರಗಿನ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಎರಡೂ ಊರಿನವರು ಮೊದಲು ಮಾಡುವ ಕೆಲಸವನ್ನು ನೋಡಿದರು, ಆಮೇಲೆ ಮರವನ್ನು ಆರಿಸಿದರು.

ಮರ ಗುರುತಿಸುವುದು ಹೇಗೆ? ಬಣ್ಣವನ್ನು ನಂಬಿದಿರೋ, ಕೆಟ್ಟಿರಿ. ಸಾಗವಾನಿಯ ಹೊರಪದರದ ಬಿಳಿ ಮರಕ್ಕೆ ಬಣ್ಣ ಬಳಿದು ಚೇಗಿನ, ಅಂದರೆ ಒಳಗಿನ ಗಟ್ಟಿ ಮರದ, ಬೆಲೆಗೆ ಮಾರುವುದುಂಟು. ಯಾರಿಗೂ ಕಾಣದ ಮೂಲೆಯಲ್ಲಿ ಚಾಕುವಿನಿಂದ ಕೆರೆದರೆ ಬಣ್ಣ ಚರ್ಮದಷ್ಟೇ ಆಳ ಎಂಬುದು ತಿಳಿಯುತ್ತದೆ. ಹಲಗೆಯ ಅಗಲವಾದ ಮೈಗಿಂತ ಅಡ್ಡ ಕೊಯ್ದ ತುದಿಯನ್ನು ನೋಡಿ. ಹರಿತವಾದ ಬ್ಲೇಡಿನಿಂದ ಒಂದು ತೆಳು ಪದರ ತೆಗೆದು, ಬೆರಳಿನಿಂದ ತುಸು ನೀರು ಸವರಿ, ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರ ಹಿಡಿಯಿರಿ. ಸಾಗವಾನಿಯಲ್ಲಿ ಪ್ರತಿ ಬೆಳವಣಿಗೆಯ ಬಳೆಯ (ಮರ ಬೆಳೆದಂತೆ ಮೂಡುವ ಸುತ್ತುಗೆರೆಯ) ಆರಂಭಕ್ಕೆ ದೊಡ್ಡ ರಂಧ್ರಗಳು ಸಾಲುಗಟ್ಟಿರುತ್ತವೆ. ಮಾವಿನಲ್ಲಿ ಅಂಥ ಸಾಲಿಲ್ಲ, ರಂಧ್ರಗಳು ಚೆಲ್ಲಾಪಿಲ್ಲಿ. ಹೊಸದಾಗಿ ಕೊಯ್ದ ಸಾಗವಾನಿಗೆ ಚರ್ಮದಂಥ ವಾಸನೆ, ಮುಟ್ಟಿದರೆ ಎಣ್ಣೆಯ ಜಿಡ್ಡು. ಅದರೊಳಗಿನ ಮರಳಿನಂಥ ಸಿಲಿಕಾ ಉಳಿಯ ಬಾಯನ್ನು ಮೊಂಡು ಮಾಡುತ್ತದೆ. ಈ ಗುರುತನ್ನು ಬಡಿಗನ ಬೈಗುಳದಿಂದಲೂ ಪತ್ತೆ ಹಚ್ಚಬಹುದು! ಬೇವು ಕೆಂಪು ಛಾಯೆಯದು. ಅದರ ಎಳೆ ಅತ್ತಿತ್ತ ತಿರುಚಿಕೊಂಡಿರುವುದರಿಂದ ಮೈ ನಯ ಮಾಡಲು ಹತ್ತರಿ ಹೊಡೆದರೆ ಕಿತ್ತು ಬರುತ್ತದೆ. ಬೆಲೆಬಾಳುವ ಮರವಾಗಿದ್ದು ಅನುಮಾನ ತೀರದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ, ತುಂಡನ್ನು ಪರೀಕ್ಷಿಸಿ ಹೇಳುತ್ತಾರೆ.

ಈಗ ನನ್ನ ಅಸಲು ತಕರಾರಿಗೆ ಬರುತ್ತೇನೆ. ಕೆರೆಯಂಗಳ, ಕಾಲುವೆ ದಂಡೆ, ಬೀಳು ಹೊಲ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ದಕ್ಷಿಣ ಅಮೆರಿಕದ ಕಡೆಯ ಈ ಗಿಡ 1870ರ ದಶಕದಲ್ಲಿ ಭಾರತಕ್ಕೆ ಬಂತು. ಬಂದ ಮೇಲೆ ಹೋಗುವ ಮಾತೇ ಇಲ್ಲ. ಹುಲ್ಲನ್ನು ನುಂಗಿತು, ಹೊಲವನ್ನು ನುಂಗಿತು, ಮುಳ್ಳು ಚುಚ್ಚಿದರೆ ಕೀವಾಗುವ ತನಕ ಬಿಡುವುದಿಲ್ಲ. ರೈತರು ಶಾಪ ಹಾಕುವುದು ನ್ಯಾಯವೇ. ಆದರೆ ಅದನ್ನು ಕಡಿದ ಮೇಲೆ ಏನು ಮಾಡುತ್ತೇವೆ? ಇದ್ದಿಲು, ಇಲ್ಲವೇ ಸೌದೆ. ನನಗೆ ಸಂಕಟವಾಗುವುದು ಇಲ್ಲಿ.

ತೊಡೆ ಗಾತ್ರದ ಒಂದು ತುಂಡನ್ನು ಅಡ್ಡ ಕೊಯ್ದು ನೋಡಿ. ಹೊರಗೆ ಹಳದಿ ಮಿಶ್ರಿತ ತೆಳು ಪದರ, ಒಳಗೆ ಕೆಂಗಂದು ಬಣ್ಣದ ಚೇಗು. ಸಾಗವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಇದು 800ರ ಆಸುಪಾಸು. ಅದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಬಹಳಷ್ಟು ಮರಗಳು ಬಳೆಗಳ ಸುತ್ತಿನ ದಿಕ್ಕಿನಲ್ಲಿ, ತಿರುಳಿನಿಂದ ಹೊರಕ್ಕೆ ಹೋಗುವ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಕುಗ್ಗುತ್ತವೆ. ಹಲಗೆ ದೋಣಿಯಂತೆ ಬಾಗುವುದೂ ದಿಮ್ಮಿ ಸೀಳುವುದೂ ಈ ಅಸಮತೆಯಿಂದಲೇ. ಬಳ್ಳಾರಿ ಜಾಲಿ ಒಟ್ಟಾರೆ ಕುಗ್ಗುವುದೇ ಕಡಿಮೆ, ಕುಗ್ಗಿದರೂ ಎರಡೂ ದಿಕ್ಕಿನಲ್ಲಿ ಹೆಚ್ಚುಕಡಿಮೆ ಸಮನಾಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಮಳೆಗಾಲದ ಮಲೆನಾಡಿನಿಂದ ಬಂದ ಹಲಗೆ ಬಿರುಕು ಬಿಡುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ಇದರ ದಾಯಾದಿಯಾದ ಮೆಸ್ಕೀಟ್ ಮರದಿಂದ ನೆಲಹಾಸು, ಮೇಜು ಮಾಡಿ ಒಳ್ಳೆಯ ಬೆಲೆಗೆ ಮಾರುತ್ತಾರೆ. ನಾವು ಚೀಲಕ್ಕೆ ತುಂಬಿ ಇದ್ದಿಲು ಮಾರುತ್ತೇವೆ.

‘ಅದು ಸೊಟ್ಟ ಮರ, ಆರಡಿ ಹಲಗೆ ಸಿಗುವುದಿಲ್ಲ’ ಎನ್ನುತ್ತೀರಿ. ಒಪ್ಪಿದೆ, ಮಂಚ ಮಾಡಬೇಡಿ. ಲಟ್ಟಣಿಗೆಗೆ ಆರಡಿ ಯಾಕೆ ಬೇಕು? ಸೌಟಿಗೆ, ಉಳಿಯ ಹಿಡಿಗೆ, ಬಟ್ಟಲಿಗೆ ಮೊಳದುದ್ದದ ತುಂಡು ಧಾರಾಳವಾಯಿತು. ಹೊರಗಿನ ಹಳದಿ ಪದರಕ್ಕೆ ಹುಳು ಬೀಳುತ್ತದೆ, ಅದನ್ನು ಪೂರ್ತಿ ಕೆತ್ತಿ ತೆಗೆಯಿರಿ. ಕಡಿದ ದಿನವೇ ಎರಡೂ ತುದಿಗೆ ಮೇಣವನ್ನೋ ಹಳೆಯ ಬಣ್ಣವನ್ನೋ ಬಳಿದು, ನೆರಳಿನಲ್ಲಿ, ಗಾಳಿಯಾಡುವಂತೆ ಅಡ್ಡಪಟ್ಟಿ ಕೊಟ್ಟು ಪೇರಿಸಿ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ನಮ್ಮ ಬಿಸಿಲಿಗೆ ಬೇಗ ಒಣಗಬಹುದು, ಆದರೆ ಅವಸರಕ್ಕೆ ಬಿಸಿಲಿಗೇ ಇಟ್ಟರೆ ಸೀಳು ಗ್ಯಾರಂಟಿ. ಮರಳು ಕಾಗದ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ದೂಳು ಒಳ್ಳೆಯದಲ್ಲ.

ಎಲ್ಲಕ್ಕೂ ಇದೇ ಮರ ಎಂದು ನಾನು ಹೊಸ ಹಟ ಹಿಡಿಯುತ್ತಿಲ್ಲ. ಮಾಂಸ ಕಡಿಯುವ ಕೊರಡಿಗೆ ಹುಣಸೆಯೇ ಸರಿ, ಬಂಡಿಯ ಗಾಲಿಗೆ ನಮ್ಮ ಕರಿಜಾಲಿಯೇ ಸರಿ. ರೊಟ್ಟಿ ಹಿಟ್ಟು ನಾದುವ ಕೊಣಮಿಗೆಗೆ ಅಗಲ ಬೇಕು, ಬಿಸಿನೀರು ತಾಳಬೇಕು, ವಾಸನೆ ಬಿಡಬಾರದು. ಹಸಿ ಬೇವನ್ನು ಅದಕ್ಕೆ ಬಳಸಿದವರ ಮನೆಯಲ್ಲಿ ಊಟಕ್ಕೆ ಕರೆದರೆ ನಾನು ಹೋಗುವುದಿಲ್ಲ.

ಕೊನೆಗೆ ಎಣ್ಣೆ. ಅಡುಗೆಮನೆಯ ಶೇಂಗಾ ಎಣ್ಣೆ ಮರದ ಮೇಲೆ ಒಣಗುವುದಿಲ್ಲ, ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ. ಕುಸುಬೆಯೂ ನಿಧಾನವಾಗಿ ಒಣಗುತ್ತದೆ, ಬಣ್ಣವನ್ನು ಹಳದಿ ಮಾಡುವುದೂ ಕಡಿಮೆ. ಗಾಣದ ಎಣ್ಣೆಯನ್ನೇ ತನ್ನಿ, ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ. ಬಣ್ಣದ ಅಂಗಡಿಯ ‘ಬಾಯ್ಲ್ಡ್’ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅದು ಕುರ್ಚಿಯ ಕಾಲಿಗೆ ಇರಲಿ, ಸೌಟಿಗೆ ಬೇಡ.