ಅಜ್ಜಿ ಮನೆಯ ವಿಳಾಸ: ಮಂಜೇಶ್ವರದಲ್ಲಿ ಮೂರು ದಿನ

ತಲಪಾಡಿಯಲ್ಲಿ ಇಳಿದಿದ್ದೇನೆ. ಮಂಗಳೂರಿನಿಂದ ಬರುವ ಸಿಟಿ ಬಸ್ಸಿಗೆ ಇದೇ ಕೊನೆಯ ಸ್ಟಾಪು. ಇಲ್ಲಿಂದ ಸ್ವಲ್ಪ ನಡೆದರೆ ಕೇರಳ. ಅಲ್ಲಿ ಕಾಸರಗೋಡು ಕಡೆ ಹೋಗುವ ಬಸ್ಸು ಸಿಗುತ್ತದೆ. ನೇರ ಹೋಗುವ ಬಸ್ಸುಗಳೂ ಇವೆ. ಆದರೂ ನನಗೆ ಚಿಕ್ಕಂದಿನಿಂದ ಇಲ್ಲಿ ಇಳಿದು ನಡೆದೇ ಅಭ್ಯಾಸ. ಅಮ್ಮನ ಕೈ ಹಿಡಿದು ನಡೆದ ದಾರಿ ಇದು.

ನನ್ನ ಮುಂದೆ ಹೋಗುತ್ತಿರುವವರನ್ನು ನೋಡಿ. ಒಬ್ಬರು ಅಕ್ಕ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದಿದ್ದಾರೆ. ಅವರ ಹಿಂದೆ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಕಾಲೇಜು ಮಕ್ಕಳು. ಆಸ್ಪತ್ರೆಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಮದುವೆಯ ಜವಳಿಗೂ ಮಂಗಳೂರು. ರೇಷನ್ ಕಾರ್ಡು, ವೋಟು, ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾತ್ರ ಕೇರಳದ್ದು. ಮಂಜೇಶ್ವರದಿಂದ ಮಂಗಳೂರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ತಿರುವನಂತಪುರಕ್ಕೆ ಹತ್ತಿರ ಹತ್ತಿರ 600. ಇಲ್ಲಿನ ಬದುಕು ಹೇಗೆ ನಡೆಯುತ್ತದೆ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಮಂಜೇಶ್ವರ ನನ್ನ ಅಮ್ಮನ ಊರು. ಈ ಸಲ ಅಜ್ಜಿಯನ್ನು ನೋಡಿಕೊಂಡು, ಮೂರು ದಿನ ಸುಮ್ನೆ ಇದ್ದು ಬರೋಣ ಅಂತ ಬಂದೆ. ಕ್ಯಾಮೆರಾ ತೆಗೆಯುವ ಯೋಚನೆಯೂ ಇರಲಿಲ್ಲ. ಆದರೆ ಮೊದಲ ದಿನವೇ ಅಜ್ಜಿಯ ತಗಡಿನ ಪೆಟ್ಟಿಗೆ ಸಿಕ್ಕಿತು.

ಮನೆಗೆ ಬಂದ ಕೂಡಲೇ ಅಜ್ಜಿ, "ಬಲ ಮಗಾ, ಕುಳ್ಳು" ಅಂದರು. ಬಾ, ಕೂತುಕೋ ಅಂತ. ಮನೆಯಲ್ಲಿ ನಾವು ತುಳು ಮಾತಾಡುವವರು. ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಬಂತು. ಯಾರು ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಆಚೆ ಮನೆಯ ಬ್ಯಾರಿ ಅಜ್ಜ ಬೇಲಿ ಹತ್ತಿರ ನಿಂತು ತುಳುವಿನಲ್ಲೇ ನನ್ನ ಯೋಗಕ್ಷೇಮ ಕೇಳಿದರು. ಮಾವನ ಫೋನು ಬಂತು, ಅವರು ಮಲಯಾಳದಲ್ಲಿ ಮಾತಾಡಿದರು. ಮಾವನ ಮಗಳು ಒಳಗೆ ಕನ್ನಡದಲ್ಲಿ ಪಾಠ ಓದುತ್ತಿದ್ದಳು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅನ್ನುತ್ತಾರೆ. ಭಾಷಣದಲ್ಲಿ ಕೇಳಿದರೆ ಅದು ಬರೀ ಹೊಗಳಿಕೆ ಅನ್ನಿಸಬಹುದು. ಇಲ್ಲಿ ಒಂದು ಜಗಲಿಯಲ್ಲಿ ಅರ್ಧ ಗಂಟೆ ಕೂತರೆ ಮೂರು ಭಾಷೆ ಕಿವಿಗೆ ಬೀಳುತ್ತವೆ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅಜ್ಜ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಬಂದ ಕಾಗದ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಎಲ್ಲವನ್ನೂ ನೂಲಿನಲ್ಲಿ ಕಟ್ಟಿ ಇಡುತ್ತಿದ್ದರು. ಆ ಕಟ್ಟುಗಳು ಈಗಲೂ ಇವೆ. ನಾನು ಒಳಗಿನ ಮಾತು ಓದುವ ಮೊದಲು ಹೊರಗಿನ ವಿಳಾಸ ಓದುತ್ತಾ ಹೋದೆ.

ತುಂಬಾ ಹಳೆಯ ಕಾರ್ಡುಗಳಲ್ಲಿ ಅಜ್ಜನ ಹೆಸರು, ಮಂಜೇಶ್ವರ, ಕೊನೆಗೆ 'ಎಸ್.ಕೆ.' ಅಂತ ಇದೆ. ಸೌತ್ ಕೆನರಾ. ಆಗ ಇದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಟಿಪ್ಪು ಬಿದ್ದ 1799ರ ನಂತರ ಈ ಸೀಮೆ ಇಂಗ್ಲಿಷರ ಕೈಗೆ ಹೋಯಿತು. ಆಮೇಲೆ ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಬೊಂಬಾಯಿಗೆ ಕೊಟ್ಟರು. ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. 1907ರಲ್ಲಿ ಮದ್ರಾಸಿನ ರೈಲು ಈ ದಾರಿಯಾಗಿ ಮಂಗಳೂರು ಮುಟ್ಟಿತು. ಅಜ್ಜಿ ಮನೆಯ ಹಿಂದೆ ರಾತ್ರಿ ಕೇಳುವುದು ಅದೇ ಹಳಿಯ ಸದ್ದು.

ಇನ್ನೊಂದು ಕಟ್ಟು ಬಿಚ್ಚಿದರೆ ವಿಳಾಸ ಬೇರೆ. 'ಮಂಜೇಶ್ವರ, ಕಣ್ಣಾನೂರು ಜಿಲ್ಲೆ, ಕೇರಳ ರಾಜ್ಯ'. 1956ರ ನವೆಂಬರ್ 1ಕ್ಕೆ ಭಾಷಾವಾರು ಪ್ರಾಂತ್ಯಗಳಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಮೊದಲು ಮಲಬಾರ್ ಜಿಲ್ಲೆ. ಎರಡೇ ತಿಂಗಳಲ್ಲಿ, 1957ರ ಜನವರಿ 1ಕ್ಕೆ, ಮಲಬಾರನ್ನು ಮೂರು ಜಿಲ್ಲೆ ಮಾಡಿದರು. ನಮ್ಮೂರು ಕಣ್ಣಾನೂರಿಗೆ ಬಂತು. 1984ರ ಮೇ 24ಕ್ಕೆ ಕಾಸರಗೋಡೇ ಒಂದು ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರ ತಾಲೂಕಾಯಿತು. 1972ರ ನಂತರದ ಕವರುಗಳಲ್ಲಿ 67ರಿಂದ ಶುರುವಾಗುವ ಪಿನ್‌ಕೋಡು. ಪಕ್ಕದ ಮಂಗಳೂರಿನದು 575.

"1956ರಲ್ಲಿ ಏನಾಯ್ತು ಅಜ್ಜಿ, ನೆನಪುಂಟಾ?" ಅಂತ ಕೇಳಿದೆ. ಅಜ್ಜಿಗೆ ಆಗ 18 ವರ್ಷ, ಮದುವೆಯಾಗಿ ಬಂದ ಹೊಸತು. ಅವರಿಗೆ ಕಮಿಷನ್, ಕಾಯ್ದೆ ಯಾವುದೂ ನೆನಪಿಲ್ಲ. ಅಜ್ಜ ಆ ದಿನ ಶಾಲೆಯಿಂದ ಬಂದವರು ಕಾಫಿ ಬೇಡ ಅಂದರಂತೆ. ಬಾವಿಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತಿದ್ದರಂತೆ. ಅಷ್ಟೇ ನೆನಪು. ಆ ಬಾವಿಕಟ್ಟೆ ಈಗ ನೀವು ನೋಡುತ್ತಿರುವುದೇ.

ಅಜ್ಜನಂಥವರು ಎಷ್ಟೋ ಜನ ಇದ್ದರು. ಕಾಸರಗೋಡು ಮತ್ತೆ ಕರ್ನಾಟಕಕ್ಕೆ ಸೇರಬೇಕು ಅಂತ ದೊಡ್ಡ ಚಳವಳಿಯೇ ನಡೆಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದರ ಮುಂದಾಳು. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಹೋದರು. ನೂರು ವರ್ಷದ ಬದುಕಿನಲ್ಲಿ ಆ ಆಸೆಯನ್ನು ಒಂದು ದಿನವೂ ಬಿಡಲಿಲ್ಲ. 1966ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಲು ಮಹಾಜನ ಆಯೋಗ ಬಂತು. ಮರುವರ್ಷ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿತು. ಮಂಜೇಶ್ವರ ಆ ಉತ್ತರದ ಭಾಗದಲ್ಲೇ ಇದೆ. ಆ ವರದಿ ಜಾರಿಯಾಗಲೇ ಇಲ್ಲ.

ಎರಡನೇ ದಿನ ಬೆಳಿಗ್ಗೆ ಮಾವನ ಜೊತೆ ಹೊಸಬೆಟ್ಟು ಬಂದರಿಗೆ ಹೋದೆ. ದೋಣಿಗಳು ಬಂದಿದ್ದವು. ಬುಟ್ಟಿಯ ತುಂಬ ಬಂಗುಡೆ. ಬೆನ್ನಿನ ಮೇಲೆ ಹಸಿರು ನೀಲಿ ಗೆರೆ, ಹೊಟ್ಟೆ ಬೆಳ್ಳಿಯ ಹಾಗೆ, ಕಣ್ಣು ಇನ್ನೂ ಗಾಜಿನಂತೆ ತಿಳಿ. ಕಣ್ಣು ಮಬ್ಬಾಗಿದ್ದರೆ ಮೀನು ಹಳತು ಅಂತ ಮಾವ ತೋರಿಸಿಕೊಟ್ಟರು. ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ತಗೊಳ್ಳಬಹುದು ಅಂದರು.

ಮಾರುವ ಅಕ್ಕ ನಮ್ಮ ಹತ್ತಿರ 'ಬಂಗುಡೆ' ಅಂದರು. ತೆಂಕಣದಿಂದ ಬಂದ ವ್ಯಾಪಾರಿಗೆ ಅದೇ ಮೀನು 'ಅಯಲ'. ಕೊಂಕಣಿಯ ಒಬ್ಬರು ಬಂದರೆ 'ಬಾಂಗ್ಡೊ'. ಪಕ್ಕದ ಬುಟ್ಟಿಯ ಬೂತಾಯಿ ಮಲಯಾಳದಲ್ಲಿ 'ಮತ್ತಿ', ಕೊಂಕಣಿಯಲ್ಲಿ 'ತಾರ್ಲೆ'. ಆ ಅಕ್ಕ ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಿಸುತ್ತಾರೆ. ನಡುವೆ ಒಂದು ಸಲವೂ ತಡವರಿಸಲಿಲ್ಲ. ನಾನು ಹತ್ತು ನಿಮಿಷ ಅಲ್ಲೇ ನಿಂತು ಅವರ ಮಾತನ್ನೇ ಕೇಳಿದೆ. ಶಾಲೆಗೆ ಎಷ್ಟು ವರ್ಷ ಹೋಗಿದ್ದೀರಿ ಅಂತ ಕೇಳಿದ್ದಕ್ಕೆ, "ನಾಲ್ಕನೇವರೆಗೆ, ಕನ್ನಡದಲ್ಲಿ" ಅಂದರು.

ಅಲ್ಲಿಂದ ಗಿಳಿವಿಂಡಿಗೆ ಹೋದೆವು. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ ಮನೆ ಈಗ ಅವರ ಸ್ಮಾರಕ. ಕನ್ನಡ ಓದಿದವರಿಗೆಲ್ಲ ಅವರ ಹೆಸರು ಗೊತ್ತು. ಹೆಸರಿನ ಮುಂದಿರುವ ಊರು ಈಗ ಕರ್ನಾಟಕದಲ್ಲಿ ಇಲ್ಲ ಅನ್ನುವುದು ಮಾತ್ರ ಎಷ್ಟೋ ಜನರಿಗೆ ಗೊತ್ತಿಲ್ಲ. 1883ರಲ್ಲಿ ಇಲ್ಲೇ ಹುಟ್ಟಿದವರು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಬರೆದದ್ದು ಕನ್ನಡದಲ್ಲಿ. ಸಾಲು ಸಾಲಿಗೂ ಎರಡನೇ ಅಕ್ಷರದ ಪ್ರಾಸ ಇರಲೇಬೇಕು ಅನ್ನುವ ಕಟ್ಟಳೆಯನ್ನು 1911ರಲ್ಲೇ ಬಿಟ್ಟರು. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. 1949ರಲ್ಲಿ ರಾಷ್ಟ್ರಕವಿ ಅಂತ ಗೌರವಿಸಿದ್ದು ಮದ್ರಾಸ್ ಸರಕಾರ. 1963ರಲ್ಲಿ ತೀರಿಕೊಂಡಾಗ ಅವರ ಊರು ಕೇರಳದಲ್ಲಿತ್ತು. ಅವರ ಪುಸ್ತಕಗಳ ಸಂಗ್ರಹ ಈಗ ಉಡುಪಿಯ ಎಂಜಿಎಂ ಕಾಲೇಜಿನ ಸಂಶೋಧನ ಕೇಂದ್ರದಲ್ಲಿದೆ. ಮನೆ ಗಡಿಯ ಈಚೆ, ಪುಸ್ತಕ ಗಡಿಯ ಆಚೆ. ಅಂಗಳದಲ್ಲಿ ನಿಂತಾಗ ನನಗೆ ಅದೇ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಮಂಜೇಶ್ವರದಲ್ಲಿ ನೋಡುವುದು ಇನ್ನೂ ಬೇಕಾದಷ್ಟಿದೆ. ಅನಂತೇಶ್ವರ ದೇವಸ್ಥಾನ ಇದೆ, ಬಂಗ್ರಮಂಜೇಶ್ವರದಲ್ಲಿ ಜೈನ ಬಸದಿ ಇದೆ. ಸ್ವಲ್ಪ ತೆಂಕಕ್ಕೆ ಹೋದರೆ ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆ. ಆದರೆ ನನಗೆ ತುಂಬಾ ಇಷ್ಟವಾದದ್ದು ಉದ್ಯಾವರದ ಒಂದು ಪದ್ಧತಿ. ಅಲ್ಲಿನ ಮಾಡದಲ್ಲಿ, ಅಂದರೆ ದೈವಸ್ಥಾನದಲ್ಲಿ, ಅರಸು ಮಂಜಿಷ್ಣಾರ್ ದೈವಗಳ ಜಾತ್ರೆ ನಡೆಯುತ್ತದೆ. ಜಾತ್ರೆಗೆ ಮೊದಲು ಒಂದು ಶುಕ್ರವಾರ ದೈವದ ಕಡೆಯವರು ಉದ್ಯಾವರದ ಸಾವಿರ ಜಮಾಅತ್ ಮಸೀದಿಗೆ ಹೋಗುತ್ತಾರೆ. ಮಸೀದಿಯವರು ಎದುರುಗೊಳ್ಳುತ್ತಾರೆ. ಜಾತ್ರೆಗೆ ಬನ್ನಿ ಅಂತ ಕರೆದು ಬರುತ್ತಾರೆ. ಅಜ್ಜಿಗೆ ಇದು ದೊಡ್ಡ ಸಂಗತಿಯೇ ಅಲ್ಲ. "ಊರಿನ ಜಾತ್ರೆಗೆ ಊರಿನವರನ್ನು ಕರೆಯದೆ ಇರ್ಲಿಕ್ಕೆ ಆಗ್ತದಾ?" ಅಂದರು.

ಈಗ ಹೇಳುವುದು ಸ್ವಲ್ಪ ಕಷ್ಟದ ಮಾತು. ನೀವು ಮೊದಲು ನೋಡಿದ ತಲಪಾಡಿಯ ಆ ರಸ್ತೆ, 2020ರ ಮಾರ್ಚ್ ಕೊನೆಯಲ್ಲಿ ಮುಚ್ಚಿತ್ತು. ಕೊರೊನಾ ಲಾಕ್‌ಡೌನ್. ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಕಾಸರಗೋಡಿನ ಉತ್ತರದ ಜನಕ್ಕೆ ದೊಡ್ಡ ಕಾಯಿಲೆ ಬಂದರೆ ಮೊದಲಿನಿಂದಲೂ ಮಂಗಳೂರೇ ದಿಕ್ಕು. ಆ ದಿನಗಳಲ್ಲಿ ಆಂಬುಲೆನ್ಸ್ ಗಡಿಯಲ್ಲಿ ನಿಂತು ಹಿಂದಕ್ಕೆ ಹೋಯಿತು. ಚಿಕಿತ್ಸೆ ಸಿಗದೆ ತೀರಿಕೊಂಡವರ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿತ್ತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನನ್ನ ದೊಡ್ಡಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಮಂಗಳೂರಿನ ಆಸ್ಪತ್ರೆ ಅವರ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಮಾವ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ತೆಂಕಣಕ್ಕೆ, ಎರಡು ಗಂಟೆಗೂ ಜಾಸ್ತಿ ದೂರ ಕರೆದುಕೊಂಡು ಹೋದರು. ಬದುಕಿಕೊಂಡರು. ಆದರೆ ಆ ನಂತರ ದೊಡ್ಡಮ್ಮ ತಲಪಾಡಿ ದಾಟುವಾಗ ಪ್ರತಿ ಸಲ ಮಾತು ನಿಲ್ಲಿಸುತ್ತಾರೆ. ಅಷ್ಟು ವರ್ಷ ಅವರಿಗೆ ಅದು ಬಸ್ಸು ಬದಲಿಸುವ ಜಾಗ ಮಾತ್ರ ಆಗಿತ್ತು.

ಆಸ್ಪತ್ರೆಯ ಕಷ್ಟ ಕಣ್ಣಿಗೆ ಕಾಣುತ್ತದೆ. ಭಾಷೆಯದ್ದು ಹಾಗೆ ಕಾಣುವುದಿಲ್ಲ. ಮಾವನ ಮಗಳು ಈಗ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಇಲ್ಲಿ ಕನ್ನಡ ಶಾಲೆಗಳಿವೆ, ಪಠ್ಯಪುಸ್ತಕ ಕನ್ನಡದಲ್ಲಿ ಬರುತ್ತದೆ, ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಆದರೆ ಒಂದು ವರ್ಷ ಅವಳ ಶಾಲೆಗೆ ಒಂದು ವಿಷಯ ಕಲಿಸಲು ಬಂದ ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಒಳ್ಳೆಯವರೇ. ಮಕ್ಕಳ ಹತ್ತಿರವೇ ಕನ್ನಡ ಪದ ಕೇಳಿ ಬೋರ್ಡಿನ ಮೇಲೆ ಬರೆಯಲು ನೋಡುತ್ತಿದ್ದರಂತೆ. ಆದರೆ ಪಾಠ ಮುಂದೆ ಹೋಗಲಿಲ್ಲ. ಮಕ್ಕಳು ಗೈಡ್ ಓದಿ ಪಾಸಾದರು. ಇಂಥ ದೂರು ಕಾಸರಗೋಡಿನಲ್ಲಿ ಹೊಸದಲ್ಲ, ತಂದೆತಾಯಿಯರು ಇದಕ್ಕಾಗಿ ಎಷ್ಟೋ ಸಲ ಬೀದಿಗಿಳಿದಿದ್ದಾರೆ. ಮಲಯಾಳ ಕಲಿಯಲು ಇಲ್ಲಿ ಯಾರಿಗೂ ಬೇಸರವಿಲ್ಲ. ನಮ್ಮ ಹುಡುಗಿಯೇ ಚೆನ್ನಾಗಿ ಮಾತಾಡುತ್ತಾಳೆ, ಓದುತ್ತಾಳೆ. ಆದರೆ ಕನ್ನಡದಲ್ಲಿ ಗಣಿತ, ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಸಿಗದಿದ್ದರೆ, ಮುಂದಿನ ವರ್ಷ ಆ ಕ್ಲಾಸಿಗೆ ಮಕ್ಕಳು ಯಾಕೆ ಬರುತ್ತಾರೆ? ಬೆಂಗಳೂರಿನಲ್ಲಿ ಕೂತು ಕಾಸರಗೋಡು ನಮ್ಮದು ಅನ್ನುವ ನಾವು, ಅಲ್ಲಿನ ಒಂದು ಶಾಲೆಯ ಹೆಸರಾದರೂ ತಿಳಿದುಕೊಂಡಿದ್ದೇವಾ? ನಾನೂ ಈ ಸಲವೇ ಹೋಗಿ ನೋಡಿದ್ದು.

ಕೊನೆಯ ರಾತ್ರಿ ಮಳೆ ಜೋರಾಗಿ ಬಂತು. ಕರೆಂಟು ಹೋಯಿತು. ಅಜ್ಜಿಗೆ ಕಣ್ಣಿನ ಪೊರೆ, ಓದಲು ಆಗುವುದಿಲ್ಲ. ಅಜ್ಜನ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ಓದು ಅಂದರು. ಮಾವನ ಮಗಳು ಮೊಬೈಲ್ ಟಾರ್ಚ್ ಹಿಡಿದು ಓದತೊಡಗಿದಳು. ಅಜ್ಜನೇ ಟ್ರೈನಿಂಗಿಗೆ ಹೋಗಿದ್ದಾಗ ಮಂಗಳೂರಿನಿಂದ ಅಜ್ಜಿಗೆ ಬರೆದ ಕಾರ್ಡು ಅದು. ಮಸಿ ಮಾಸಿದೆ. ಒತ್ತಕ್ಷರ ಒಂದರ ಮೇಲೊಂದು ಬಿದ್ದಿದೆ. ಅವಳು ಒಂದು ಕಡೆ ನಿಂತಳು. "ಬಾವಿಯ... ಹಗ್ಗ..." ಅಂತ ಎರಡು ಸಲ ನೋಡಿದಳು.

ಅಜ್ಜಿ ಕತ್ತಲಲ್ಲೇ ಹೇಳಿದರು, "ಬಾವಿಯ ಹಗ್ಗ ಸವೆದಿದೆ, ನೀರು ಸೇದುವಾಗ ಜಾಗ್ರತೆ."

ಅವಳು ಟಾರ್ಚನ್ನು ಹತ್ತಿರ ಹಿಡಿದು ನೋಡಿದಳು. ಅದೇ ಬರೆದಿತ್ತು. ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, ಕಟ್ಟಿನಿಂದ ಇನ್ನೊಂದನ್ನು ಎಳೆದಳು.