ಟ್ಯಾಬ್‌ನಲ್ಲಿ ನೋಟ್ಸ್ ಬರೆಯುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಕಾಲೇಜುಗಳಲ್ಲಿ, ಶಂಕರಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ, ಈಗ ಮಕ್ಕಳ ಕೈಯಲ್ಲಿ ಟ್ಯಾಬ್ ಕಾಣುತ್ತದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಒಂದಿಷ್ಟು ತೆಗೆದಿಟ್ಟು ಮನೆಯವರು ಕೊಡಿಸಿದ್ದು ಅದು. ಒಳಗೆ ನೋಡಿದರೆ ಬೋರ್ಡಿನ ಫೋಟೊಗಳು, ಸ್ನೇಹಿತರು ಕಳಿಸಿದ ಪಿಡಿಎಫ್‌ಗಳು. ಸ್ವಂತ ಕೈಯಿಂದ ಬರೆದ ಪುಟ ಸಿಗುವುದೇ ಅಪರೂಪ. ನನಗೆ ಇದು ನಿಜಕ್ಕೂ ಬೇಸರ ತರುತ್ತದೆ.

ಬೋರ್ಡಿನ ಫೋಟೊ ತೆಗೆಯುವಾಗ ನಾವು ಏನನ್ನೂ ಯೋಚಿಸಬೇಕಾಗಿಲ್ಲ. ಬರೆಯಲು ಕೂತರೆ, ಮೇಷ್ಟ್ರು ಹೇಳಿದ ಹತ್ತು ಮಾತಿನಲ್ಲಿ ಯಾವ ಎರಡನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಕ್ಷಣಕ್ಷಣಕ್ಕೂ ನಿರ್ಧರಿಸಬೇಕು. ಕಲಿಕೆ ನಡೆಯುವುದು ಅಲ್ಲೇ. ಅಮೆರಿಕದ ಮುಲ್ಲರ್ ಮತ್ತು ಒಪನ್‌ಹೈಮರ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವವರು ಕೇಳಿದ್ದನ್ನು ಹಾಗೆಹಾಗೇ ಇಳಿಸಿಕೊಳ್ಳುತ್ತಾರೆ, ಅರ್ಥ ಕೇಳುವ ಪ್ರಶ್ನೆ ಬಂದಾಗ ಕೈಯಲ್ಲಿ ಬರೆದವರಿಗಿಂತ ಹಿಂದೆ ಬೀಳುತ್ತಾರೆ ಎಂದು ಕಂಡಿತ್ತು. ಆಮೇಲೆ ಬೇರೆಯವರು ಮತ್ತೆ ಪರೀಕ್ಷಿಸಿದಾಗ ಅಂಕಗಳ ಅಂತರ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ಟೈಪಿಂಗ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸ್ವಂತ ಮಾತಿನಲ್ಲಿ ಬರೆಯಿರಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕೃಷಿ ಕಾಲೇಜಿನಲ್ಲಿ ಅಡಿಕೆ ಕೊಳೆರೋಗದ ಪಾಠ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಆ ರೋಗ ತಡೆಯಲು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ, ತೋಟದ ಮನೆಯ ಮಕ್ಕಳಿಗಂತೂ ಬಾಯಿಪಾಠ. ನೀವು ಪೆನ್ ಹಿಡಿದು ಎರಡು ಡ್ರಮ್ ಬಿಡಿಸಿ. ಒಂದರಲ್ಲಿ 50 ಲೀಟರ್ ನೀರಿಗೆ ತುತ್ತ, ನೀಲಿ ಬಣ್ಣದಲ್ಲಿ. ಇನ್ನೊಂದರಲ್ಲಿ 50 ಲೀಟರಿಗೆ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು ಎನ್ನುವುದಕ್ಕೆ ಒಂದು ಬಾಣ. ಪಕ್ಕದಲ್ಲಿ ಒಂದು ಕತ್ತಿ. ಉಜ್ಜಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಏಕೆಂದರೆ ಸುಣ್ಣದೊಂದಿಗೆ ಸೇರದೆ ಉಳಿದ ತಾಮ್ರವೇ ಕತ್ತಿಗೆ ಅಂಟುತ್ತದೆ, ಎಲೆಯನ್ನೂ ಎಳೆಗಾಯಿಯನ್ನೂ ಸುಡುವುದು ಅದೇ. ಈ ‘ಏಕೆಂದರೆ’ ನಿಮ್ಮ ಪುಟದಲ್ಲಿ ಇದ್ದರೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಉತ್ತರ ಬರುತ್ತದೆ.

ಪುಟವನ್ನು ವಿಂಗಡಿಸುವುದಕ್ಕೆ ಹಳೆಯದೊಂದು ಕ್ರಮವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪೌಕ್ 1950ರ ದಶಕದಲ್ಲಿ ರೂಪಿಸಿದ್ದು. ಬಲಕ್ಕೆ ಅಗಲವಾದ ಜಾಗ ಪಾಠಕ್ಕೆ, ಎಡಕ್ಕೆ ಕಿರಿದಾದ ಜಾಗ ಪ್ರಶ್ನೆಗಳಿಗೆ, ಕೆಳಗೆ ನಾಲ್ಕು ಸಾಲು ಸಾರಾಂಶಕ್ಕೆ. ಒಮ್ಮೆ ಗೆರೆ ಎಳೆದ ಪುಟವನ್ನು ಟ್ಯಾಬ್‌ನಲ್ಲಿ ಎಷ್ಟು ಸಲ ಬೇಕಾದರೂ ನಕಲು ಮಾಡಿಕೊಳ್ಳಬಹುದು. ಅದೇ ದಿನ ಸಂಜೆ ಎಡಗಡೆ ಬರೆಯಿರಿ, ‘ಕತ್ತಿ ಕೆಂಪಾದರೆ ಏನು ಮಾಡಬೇಕು?’ ಆಮೇಲೆ ಎರಡು ಬೆರಳಿನಿಂದ ಪುಟ ಹಿಗ್ಗಿಸಿ, ಎಡಭಾಗ ಮಾತ್ರ ಕಾಣುವಂತೆ ಇಟ್ಟುಕೊಂಡು ಉತ್ತರ ಹೇಳಿಕೊಳ್ಳಿ. ಬರೆದದ್ದನ್ನು ಸುಮ್ಮನೆ ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆದರೆ ವಿಷಯ ಹೆಚ್ಚು ಕಾಲ ಉಳಿಯುತ್ತದೆ. ನಾನು ಮಕ್ಕಳಿಗೆ ಬೇರೆ ಏನು ಹೇಳದಿದ್ದರೂ ಇದನ್ನು ಹೇಳದೆ ಬಿಡುವುದಿಲ್ಲ.

ಪೆನ್ನಿನ ವಿಷಯ. ಅಂಗೈ ತಾಗಿದರೂ ಗೀಟು ಬೀಳದಂಥದ್ದು, ತುದಿ ಸಣ್ಣಗಿರುವಂಥದ್ದು ಬೇಕು. ರಬ್ಬರ್ ತುದಿಯ ಅಗ್ಗದ ಪೆನ್ನಿನಲ್ಲಿ ನಮ್ಮ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ. ಕನ್ನಡದ ಕೈಬರಹವನ್ನು ಎಲ್ಲ ಆ್ಯಪ್‌ಗಳೂ ಓದಲಾರವು, ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಪಾಠ ಕೈಯಲ್ಲಿ ಬರೆದರೂ ಕಡತದ ಹೆಸರನ್ನು, ವಿಷಯ ಮತ್ತು ದಿನಾಂಕದ ಸಮೇತ, ಟೈಪ್ ಮಾಡಿ ಇಡಿ. ಪಾಠವನ್ನು ರೆಕಾರ್ಡ್ ಮಾಡುವುದಿದ್ದರೆ ಮೇಷ್ಟ್ರ ಒಪ್ಪಿಗೆ ಕೇಳಿ.

ಇನ್ನು ನಮ್ಮ ಮಳೆಗಾಲ. ಆಗುಂಬೆ, ಹೊಸನಗರದ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೋ, ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ನೆಟ್ ಇಲ್ಲದೆಯೂ ತೆರೆಯುವ ಆ್ಯಪ್ ಆರಿಸಿ, ಬೇಕಾದ ಪಿಡಿಎಫ್‌ಗಳನ್ನು ಮೊದಲೇ ಇಳಿಸಿಕೊಳ್ಳಿ. ಪರದೆಯ ಮೇಲೆ ಬಿದ್ದ ನೀರಹನಿಯನ್ನೂ ಟ್ಯಾಬ್ ಬೆರಳೆಂದೇ ತಿಳಿಯುತ್ತದೆ, ತಾನಾಗಿ ಗೆರೆ ಎಳೆಯುತ್ತದೆ. ಛತ್ರಿ ಮಡಚಿ ಬಂದ ಕೈ ಒರೆಸಿಕೊಂಡೇ ಬರೆಯಲು ಕೂರಿ. ವಾರಕ್ಕೊಮ್ಮೆ ಎಲ್ಲವನ್ನೂ ಪಿಡಿಎಫ್ ಮಾಡಿ ಪೆನ್ ಡ್ರೈವ್‌ನಲ್ಲಿ ಒಂದು ಪ್ರತಿ, ನೆಟ್‌ವರ್ಕ್ ಸಿಕ್ಕಾಗ ಗೂಗಲ್ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಡಿ. ಪರೀಕ್ಷೆ ಹತ್ತಿರ ಬಂದಾಗ ಟ್ಯಾಬ್ ರಿಪೇರಿಗೆ ಹೋದರೂ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಓದಬಹುದು.

ನಮಸ್ಕಾರ.